ಹಜಾರದ ನೆಲಕ್ಕೆ ಸುತ್ತಿಗೆ ಏಟು ಯಾಕೆ?

ಹಳೇ ಮನೆ ರಿಪೇರಿಗೆ ಮೇಸ್ತ್ರಿ ಬರ್ತಾನೆ. ಗೋಡೆ ನೋಡ್ತಾನೆ, ಸೂರು ನೋಡ್ತಾನೆ. ಕಡೆಗೆ ಹಜಾರದ ನಡುವೆ ನಿಂತು ಕಾಲಿನ ಹೆಬ್ಬೆರಳಲ್ಲಿ ನೆಲ ಒತ್ತಿ ತೀರ್ಪು ಕೊಡ್ತಾನೆ: ‘ಯಜಮಾನ್ರೇ, ಇದೆಲ್ಲಾ ಹಳೇ ಮಾಡಲ್ಲು. ಒಡೆದು ಬಿಸಾಕಿ ವಿಟ್ರಿಫೈಡ್ ಹಾಕಿಬಿಡೋಣ. ಕನ್ನಡಿ ಥರಾ ಹೊಳೀತದೆ.’ ಯಜಮಾನರು ತಲೆ ಆಡಿಸ್ತಾರೆ. ಮಾರನೇ ದಿನ ಬೆಳಗ್ಗೆ ಸುತ್ತಿಗೆ ಸದ್ದು. ಸಂಜೆ ಹೊತ್ತಿಗೆ ಐವತ್ತು ಅರವತ್ತು ವರ್ಷ ಬಾಳಿದ ನೆಲ ಗೋಣಿಚೀಲದಲ್ಲಿ!

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ, ಹೇರೋಹಳ್ಳಿ ಕಡೆ ಬಸ್ಸಿನಲ್ಲಿ ಓಡಾಡುವವರಿಗೆ ಈ ಗೋಣಿಚೀಲಗಳ ಪರಿಚಯ ಉಂಟು. ಹೇರೋಹಳ್ಳಿ ನಗರದ ಹದ್ದಿಗೆ ಸೇರಿದ್ದು 2007ರಲ್ಲಿ, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿದಾಗ. ಅದಕ್ಕೂ ಮುಂಚೆ ಅದು ಕೆರೆ, ಹೊಲ, ಹೆಂಚಿನ ಮನೆಗಳ ಹಳ್ಳಿ. ಈಗ ಸೈಟಿನ ಬೆಲೆ ಆಕಾಶಕ್ಕೆ ಏರಿದೆ. ಹಳೇ ಮನೆ ಇದ್ದ ಜಾಗದಲ್ಲಿ ನಾಲ್ಕು ಮಹಡಿ ಎದ್ದಿದೆ. ಅಂಥದರಲ್ಲೂ ಅಪ್ಪ, ತಾತ ಕಟ್ಟಿಸಿದ ಮನೆಯನ್ನೇ ರಿಪೇರಿ ಮಾಡಿಸಿಕೊಂಡು ಇರೋಣ ಅನ್ನುವ ಕುಟುಂಬಗಳಿವೆ. ಅವರೂ ಮೊದಲು ಕೈ ಇಡೋದು ನೆಲದ ಮೇಲೆ. ಮನೆ ಉಳಿಯಿತು, ನೆಲ ಹೋಯಿತು!

ಕೇಳಬೇಕಾದ ಪ್ರಶ್ನೆ ಒಂದೇ. ಆ ನೆಲ ನಿಜವಾಗಿ ಕೆಟ್ಟಿತ್ತೇ? ಬಹಳಷ್ಟು ಕಡೆ ಕೆಟ್ಟಿರೋದಿಲ್ಲ. ಕೊಳೆ ಹಿಡಿದಿರ್ತದೆ, ನಾಲ್ಕಾರು ಕಡೆ ಸಡಿಲ ಆಗಿರ್ತದೆ, ಅಷ್ಟೆ. ಒಡೆಯೋಕೆ ಕಾರಣ ನೆಲದಲ್ಲಿಲ್ಲ, ಕೂಲಿ ಲೆಕ್ಕದಲ್ಲಿದೆ. ಅದನ್ನು ಮುಂದೆ ನೋಡೋಣ. ಮೊದಲು ಕಾಲ ಕೆಳಗೆ ಏನಿದೆ ಅಂತ ತಿಳಿಯಲಿ.

ಹಳೇ ನೆಲ ಅಂದರೆ ಎಲ್ಲಾ ಒಂದೇ ಜಾತಿ ಅಲ್ಲ. ಬೆಂಗಳೂರಿನ ಹಳೇ ಮನೆಗಳಲ್ಲಿ ಹೆಚ್ಚಾಗಿ ಕಾಣೋದು ರೆಡ್ ಆಕ್ಸೈಡ್, ಅಂದರೆ ಗಾರೆ ಮೇಲೆ ಕೆಂಪು ಪುಡಿ ಕಲಸಿ ಕರಣೆಯಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಿದ ನೆಲ. 1949ರ ನಂತರ ಎದ್ದ ರಾಜಾಜಿನಗರ, ಆಮೇಲೆ ಬೆಳೆದ ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ಮೊಸಾಯಿಕ್ ಬಂತು, ಸಿಮೆಂಟಿನಲ್ಲಿ ಕಲ್ಲುಚೂರು ಬೆರೆಸಿ ಮೆಷಿನ್ನಿನಲ್ಲಿ ಅರೆದದ್ದು. ಇನ್ನು ಸ್ವಲ್ಪ ಅನುಕೂಲಸ್ಥರ ಮನೆ ಹಜಾರದಲ್ಲಿ ಹೂವಿನ ಚಿತ್ತಾರದ ಸಿಮೆಂಟ್ ಟೈಲ್ಸು. ಎಂಟಿಂಚು ಚೌಕ, ಮುಕ್ಕಾಲು ಇಂಚು ದಪ್ಪ. ನಾಲ್ಕು ಬಿಲ್ಲೆ ಕೂಡಿದರೆ ಒಂದು ಹೂವು. ಸುತ್ತಲೂ ಜರತಾರಿ ಅಂಚಿನ ಹಾಗೆ ಬಾರ್ಡರು. ಇಲ್ಲಿ ಮುಖ್ಯವಾಗಿ ಹೇಳಬೇಕಾದ್ದು ಇವುಗಳ ವಿಷಯ. ಯಾಕೆಂದರೆ ಇವು ಒಮ್ಮೆ ಹೋದರೆ ಅದೇ ನಮೂನೆ ಮತ್ತೆ ಸಿಗೋದು ಕಷ್ಟ.

ಈ ಸಿಮೆಂಟ್ ಬಿಲ್ಲೆ ಬೆಂಕಿ ಕಂಡ ವಸ್ತು ಅಲ್ಲ. ಲೋಹದ ಅಚ್ಚಿನೊಳಗೆ ಮನೆಮನೆ ಮಾಡಿದ ತಗಡು ಇಟ್ಟು, ಒಂದೊಂದು ಮನೆಗೆ ಒಂದೊಂದು ಬಣ್ಣ ಸುರಿದು, ತಗಡು ಮೇಲೆತ್ತಿ, ಹಿಂದೆ ಒಣ ಸಿಮೆಂಟು, ಅದರ ಹಿಂದೆ ದಪ್ಪ ಮರಳು ಸಿಮೆಂಟು ಹಾಕಿ ಪ್ರೆಸ್ಸಿನಲ್ಲಿ ಒತ್ತಿದ್ದು. ಆಮೇಲೆ ನೀರಿನಲ್ಲಿ ನೆನೆಸಿಟ್ಟು ಗಟ್ಟಿ ಮಾಡಿದ್ದು. ಬಣ್ಣ ಮೇಲೆ ಬಳಿದದ್ದಲ್ಲ. ಹೆಚ್ಚೂ ಕಮ್ಮಿ ಮೂರರಿಂದ ಐದು ಮಿಲಿಮೀಟರ್ ಆಳಕ್ಕೆ ಇಳಿದಿದೆ. ಅದಕ್ಕೇ ಎರಡು ಮೂರು ತಲೆಮಾರು ಓಡಾಡಿದರೂ ಹೂವು ಅಳಿಸೋದಿಲ್ಲ. ಈ ಕಸಬು ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನಿಂದ ಹೊರಟು ಊರೂರು ಸುತ್ತಿ ಬಂದದ್ದು. ನಮ್ಮಲ್ಲಿ ಇದಕ್ಕೆ ಸ್ವದೇಶಿ ಚಳವಳಿಯ ನಂಟೂ ಇದೆ. ಪರದೇಶದ ಟೈಲ್ಸಿಗೆ ಎದುರಾಗಿ ಬೊಂಬಾಯಿಯಲ್ಲಿ 1922ರಲ್ಲಿ ಶುರುವಾದ ಭಾರತ್ ಫ್ಲೋರಿಂಗ್ಸ್ ಇಂದಿಗೂ ಸಿಮೆಂಟ್ ಬಿಲ್ಲೆ ಮಾಡ್ತಿದೆ. ತಮಿಳುನಾಡಿನ ಕಾರೈಕುಡಿ ಹತ್ತಿರದ ಆತಂಗುಡಿಯಲ್ಲಿ ಪ್ರೆಸ್ಸೂ ಇಲ್ಲ. ಗಾಜಿನ ತುಂಡಿನ ಮೇಲೆ ಬಣ್ಣ ಸುರಿದು ಕೈಯಲ್ಲೇ ಮಾಡ್ತಾರೆ. ಗಾಜಿನ ನುಣುಪೇ ಬಿಲ್ಲೆಯ ನುಣುಪು.

ಸುಟ್ಟ ಮಣ್ಣಿನ ಬಿಲ್ಲೆಗಳು ಬೇರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದ ಮೇಲೆ ಸೂರಿನ ಹೆಂಚಿನ ಜೊತೆ ನೆಲದ ಬಿಲ್ಲೆಯೂ ಬಂತು. ಸೀಮೆಯಿಂದ ಬಂದವು ಇನ್ನೂ ಬೇರೆ. ಮೈಸೂರು ಅರಮನೆಯ ಕಲ್ಯಾಣ ಮಂಟಪ ನೋಡಿದವರಿಗೆ ನವಿಲಿನ ನೆಲ ನೆನಪಿರಬೇಕು. 1897ರ ಬೆಂಕಿಯ ನಂತರ 1912ರ ಹೊತ್ತಿಗೆ ಮುಗಿದ ಅರಮನೆ ಅದು. ಟೈಲ್ಸು ಇಂಗ್ಲೆಂಡಿನಿಂದ ಬಂದದ್ದು. ಮಹಾರಾಜರ ನೆಲ ನೋಡೋಕೆ ಟಿಕೆಟ್ ಕೊಟ್ಟು ಕ್ಯೂ ನಿಲ್ಲುವ ನಾವೇ ತಾತನ ನೆಲಕ್ಕೆ ಸುತ್ತಿಗೆ ಕೊಡ್ತೀವಿ. ವಿಚಿತ್ರ ಅಲ್ಲವೇ?

ಈಗ ನೆಲದ ಆರೋಗ್ಯ ನೋಡುವ ಬಗೆ. ಡಾಕ್ಟರು ಎದೆ ತಟ್ಟಿ ನೋಡೋ ಹಾಗೆ ಒಂದು ಮರದ ತುಂಡಿನಿಂದ ಒಂದೊಂದೇ ಬಿಲ್ಲೆ ತಟ್ಟಬೇಕು. ಗಟ್ಟಿ ಸದ್ದು ಬಂದರೆ ಮುಟ್ಟಬೇಡಿ. ಟೊಳ್ಳು ಸದ್ದು ಬಂದರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹತ್ತಡಿ ಅಗಲ ಇಪ್ಪತ್ತಡಿ ಉದ್ದದ ಹಜಾರ ಅಂದರೆ 200 ಚದರಡಿ. ಎಂಟಿಂಚಿನ ಬಿಲ್ಲೆ ಲೆಕ್ಕದಲ್ಲಿ 450. ಅದರಲ್ಲಿ ಮೂವತ್ತು ಒಡೆದಿವೆ ಅಂತ ಇಟ್ಟುಕೊಳ್ಳಿ, ನೂರಕ್ಕೆ ಏಳೂ ಆಗಲಿಲ್ಲ. ಬಾಯಲ್ಲಿ ಎರಡು ಹಲ್ಲು ಅಲ್ಲಾಡಿದರೆ ಮೂವತ್ತೆರಡೂ ಕೀಳಿಸ್ತಾರೆಯೇ?

ಸಡಿಲ ಬಿಲ್ಲೆ ಎತ್ತೋದು ಸುತ್ತಿಗೆ ಕೆಲಸ ಅಲ್ಲ, ತಾಳ್ಮೆ ಕೆಲಸ. ಮೊದಲು ಫೋನಿನಲ್ಲಿ ಇಡೀ ನೆಲದ ಫೋಟೋ ತೆಗೀರಿ, ಎತ್ತುವ ಬಿಲ್ಲೆಗಳಿಗೆ ನಂಬರ್ ಹಾಕಿ. ಒಡೆದುಹೋದ ಬಿಲ್ಲೆಯಿಂದಲೇ ಶುರು ಮಾಡಿ, ಪಕ್ಕದ ಸಂದಿಗಳನ್ನು ಬಿಡಿಸಿ, ತೆಳು ಉಳಿಯನ್ನು ಅಡಿಯಿಂದ ತೂರಿಸಬೇಕು. ಹಳೇ ಮನೆಯಲ್ಲಿ ಅಡಿಗೆ ಸುಣ್ಣದ ಗಾರೆ ಇದ್ದರೆ ಬಿಲ್ಲೆ ಸಲೀಸಾಗಿ ಏಳ್ತದೆ. ಸಿಮೆಂಟ್ ಇದ್ದರೆ ಹಟ ಮಾಡ್ತದೆ. ಹಿಂಬದಿಯ ಹಳೇ ಗಾರೆ ಕೆರೆದು, ಬಿಲ್ಲೆ ನೀರಲ್ಲಿ ನೆನೆಸಿ, ಹೊಸ ಗಾರೆ ಮೇಲೆ ಕೂರಿಸಿ, ರಸಮಟ್ಟ ಇಟ್ಟು ಪಕ್ಕದ ಬಿಲ್ಲೆಗಳಿಗೆ ಸಮ ಮಾಡಬೇಕು. ಸಂದಿ ತೆಳ್ಳಗಿರಲಿ, ತುಂಬುವ ಬಣ್ಣ ಹಳೇದಕ್ಕೆ ಹೊಂದಲಿ. ಹಳೇ ನೆಲದ ನಡುವೆ ಎದ್ದು ಕಾಣುವ ಬಿಳೀ ಗೆರೆ ಎಳೆದರೆ ಅಷ್ಟೂ ಶ್ರಮ ನೀರುಪಾಲು.

ಪೂರ್ತಿ ಪುಡಿಯಾದ ಬಿಲ್ಲೆಗೆ ಏನು ಗತಿ? ಇದಕ್ಕೊಂದು ಉಪಾಯ ಇದೆ, ಖರ್ಚಿಲ್ಲದ್ದು. ಬೀರು ಕೆಳಗೆ, ಮಂಚದ ಅಡಿ, ಬಾಗಿಲ ಹಿಂದೆ, ಸಾಮಾನು ಕೋಣೆಯಲ್ಲಿ ಅದೇ ಬಿಲ್ಲೆ ಹೊಸದರಂತೆ ಕೂತಿರ್ತದೆ. ಅದನ್ನು ಎತ್ತಿ ಹಜಾರದ ನಡುವೆ ಹಾಕಿ. ಬೀರು ಕೆಳಗೆ ಸಾದಾ ಗಾರೆ ಬಳಿದರೆ ಯಾರಿಗೆ ಕಾಣುತ್ತೆ? ಅದೂ ಸಾಲದೇ ಹೋದರೆ ಅಕ್ಕಪಕ್ಕ ಹಳೇ ಮನೆ ಬೀಳಿಸುವಾಗ ಹೋಗಿ ಕೇಳಬೇಕು, ಗುಜರಿಯವರಲ್ಲಿ ವಿಚಾರಿಸಬೇಕು. ಕಡೇ ದಾರಿ ಹೊಸದಾಗಿ ಮಾಡಿಸೋದು. ಮಾದರಿಗೆ ಒಂದು ಬಿಲ್ಲೆ ಕೊಟ್ಟರೆ ಅಚ್ಚು ಹೊಂದಿಸಿ ಮಾಡಿಕೊಡುವವರು ಇದ್ದಾರೆ. ದುಬಾರಿ, ನಿಜ. ಹತ್ತಿಪ್ಪತ್ತು ಬಿಲ್ಲೆಗೆ ಮಾತ್ರ ಯೋಚಿಸಬಹುದು.

ಇಷ್ಟೆಲ್ಲಾ ಮಾಡೋಕೆ ಮುಂಚೆ ಒಂದು ಅಪಾಯದ ಮಾತು. ಆಸಿಡ್! ಕಲೆ ಕಂಡ ತಕ್ಷಣ ಕಕ್ಕಸ್ಸು ತೊಳೆಯುವ ಬಾಟಲಿ ತಂದು ಹಜಾರಕ್ಕೆ ಸುರಿಯುವ ಕೆಟ್ಟ ಪದ್ಧತಿ ಎಲ್ಲಾ ಕಡೆ ಇದೆ. ಬುಸ್ ಅಂತ ನೊರೆ ಬರ್ತದೆ. ‘ನೋಡಿ ಸಾರ್, ಕೊಳೆ ಹೆಂಗೆ ಏಳ್ತಾ ಇದೆ!’ ಏಳ್ತಾ ಇರೋದು ಕೊಳೆ ಅಲ್ಲ ಸ್ವಾಮಿ, ನೆಲ. ಸಿಮೆಂಟೂ ಸುಣ್ಣವೂ ಆಸಿಡ್ಡಿಗೆ ಕರಗುವ ವಸ್ತುಗಳು. ಒಂದು ಸಲ ಸುರಿದರೆ ಮೇಲಿನ ನುಣುಪು ಹೋಗಿ ಸಣ್ಣ ಸಣ್ಣ ತೂತು ಬೀಳ್ತದೆ. ಆಮೇಲೆ ಬಿದ್ದ ಕಾಫಿ, ಎಣ್ಣೆ ಎಲ್ಲಾ ಒಳಕ್ಕೇ ಇಳೀತದೆ. ನಿಂಬೆಹಣ್ಣು, ಹುಣಸೆಹಣ್ಣು ಕೂಡ ಇದೇ ಪಂಗಡ. ಹಿತ್ತಾಳೆ ಪಾತ್ರೆಗೆ ಸರಿ, ಈ ನೆಲಕ್ಕೆ ಬೇಡ.

ಬೇಕಾದ್ದು ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು, ಮೆತ್ತನೆ ಬ್ರಷ್ಷು ಇಲ್ಲವೇ ತೆಂಗಿನ ನಾರು. ಬಾಗಿಲ ಹಿಂದಿನ ಮೂಲೆಯಲ್ಲಿ ಒಂದು ಅಡಿ ಜಾಗ ಮೊದಲು ಉಜ್ಜಿ ನೋಡಿ. ಎಷ್ಟೋ ವರ್ಷದ ಮೇಣ, ಫಿನಾಯಿಲು, ಸುಣ್ಣ ಬಳಿದಾಗ ಸಿಡಿದ ಹನಿ, ಇವೆಲ್ಲಾ ಪದರ ಪದರವಾಗಿ ಕೂತಿರ್ತವೆ. ಒಂದೇ ದಿನದಲ್ಲಿ ಏಳೋದಿಲ್ಲ. ನಾಲ್ಕು ಸಲ ಉಜ್ಜಬೇಕಾದೀತು. ನೀರು ನಿಲ್ಲಿಸಬಾರದು, ಆಗಾಗ ಒರೆಸಿ ತೆಗೀಬೇಕು. ಬೂದು ಬಣ್ಣದ ಕೆಳಗಿಂದ ಕೆಂಪು, ಹಳದಿ, ಕಪ್ಪು ಎದ್ದು ಬಂದಾಗ ‘ನಮ್ಮನೆ ನೆಲದಲ್ಲಿ ಹೂವಿತ್ತಾ?’ ಅಂತ ಮಕ್ಕಳೇ ಕೇಳ್ತಾರೆ.

ಪಾಲಿಶ್ ಮೆಷಿನ್ ವಿಷಯದಲ್ಲೂ ಎಚ್ಚರ. ಮೊಸಾಯಿಕ್ಕಿಗೆ ಅರೆಯುವ ಕಲ್ಲು ನಡೀತದೆ, ಅದರ ಮೇಲ್ಪದರ ದಪ್ಪ. ಆದರೆ ಹೂವಿನ ಬಿಲ್ಲೆಗೂ ರೆಡ್ ಆಕ್ಸೈಡಿಗೂ ದೊರಗು ಕಲ್ಲು ಹಚ್ಚಿದರೆ ಕೆಲವೇ ಮಿಲಿಮೀಟರಿನ ಬಣ್ಣ ಎಷ್ಟು ಹೊತ್ತು ತಡೆದೀತು? ಮೆಷಿನ್ನಿನವನಿಗೆ ಎಲ್ಲಾ ನೆಲವೂ ಒಂದೇ. ‘ಹಚ್ಚು’ ಅಂದರೆ ಹಚ್ತಾನೆ.

ಇನ್ನು ಬಿಳಿ ಸೌಳು. ನೆಲದ ಮೇಲೆ ಉಪ್ಪು ಎದ್ದರೆ ‘ಟೈಲ್ಸ್ ಸತ್ತೋಯ್ತು’ ಅಂತ ಘೋಷಣೆ ಮಾಡಿಬಿಡ್ತಾರೆ. ಸತ್ತಿಲ್ಲ. ಅಡಿಯಿಂದ ತೇವ ಮೇಲೆ ಬರ್ತಾ ಉಪ್ಪನ್ನೂ ಹೊತ್ತು ತರ್ತಿದೆ. ಆ ತೇವ ಎಲ್ಲಿಂದ? ಒಡೆದ ಪೈಪಿರಬಹುದು, ಬಚ್ಚಲ ನೀರಿರಬಹುದು. ನಮ್ಮ ಬಡಾವಣೆಗಳಲ್ಲಿ ಇನ್ನೂ ಒಂದು ಕಾರಣ ಇದೆ, ರಸ್ತೆ! ಪ್ರತಿ ಸಲ ಡಾಂಬರು ಹಾಕುವಾಗ ಹಳೇದನ್ನು ಕೆರೆಯದೆ ಮೇಲಿಂದ ಮೇಲೆ ಹಾಕಿದರೆ ಬೀದಿ ಮೇಲೇರ್ತದೆ, ಮನೆ ಕೆಳಗಿಳೀತದೆ. ಒಂದು ಕಾಲದಲ್ಲಿ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಮಳೆ ನೀರು ಗೋಡೆ ಬುಡದಲ್ಲಿ ನಿಂತು ಹಜಾರದ ಅಡಿಗೆ ಇಳೀತದೆ. ಇದಕ್ಕೆ ಮನೆಯವರು ಹೊಣೆಯೇ? ಹಳೇ ಪದರ ಕೆರೆದು ಹಾಕಿ ಅಂತ ಕಂಟ್ರಾಕ್ಟರನಿಗೆ ಹೇಳಬೇಕಾದವರು ಬಿಲ್ಲು ಪಾಸು ಮಾಡುವ ಇಂಜಿನಿಯರುಗಳು. ಅವರು ಅಷ್ಟು ಮಾಡಿದರೆ ಎಷ್ಟೋ ಮನೆಗಳ ನೆಲ ತಾನಾಗಿ ಒಣಗೀತು. ತೇವ ನಿಲ್ಲಿಸದೆ ಮೇಲೆ ಪ್ಲಾಸ್ಟಿಕ್ಕಿನಂಥ ಕೋಟಿಂಗ್ ಬಳಿದರೆ ನೀರು ಒಳಗೇ ಸಿಕ್ಕಿ ಬಿಲ್ಲೆಯನ್ನೇ ಎಬ್ಬಿಸ್ತದೆ. ಸೌಳನ್ನು ಒಣ ಬ್ರಷ್ಷಿನಲ್ಲಿ ಗುಡಿಸಿ, ಮೂಲ ಹುಡುಕಿ.

‘ಒಡೆಯೋದೇ ಬೇಡ, ಹಳೇದರ ಮೇಲೇ ಹೊಸದು ಹಾಕಿಬಿಡಿ’ ಅನ್ನುವ ಜಾಣರೂ ಇದ್ದಾರೆ. ಗಾರೆ ಹಾಕಿ ಕೂರಿಸಿದರೆ ನೆಲ ಒಂದೂವರೆ ಎರಡಿಂಚು ಏರ್ತದೆ. ಅಂಟು ಹಚ್ಚಿ ಕೂರಿಸಿದರೂ ಅರ್ಧ ಇಂಚಿಗೆ ಕಮ್ಮಿ ಇಲ್ಲ. ಬಾಗಿಲೆಲ್ಲಾ ಕೆಳಗೆ ಕತ್ತರಿಸಬೇಕು, ತೇಗದ ಬಾಗಿಲಾದರೂ ಅಷ್ಟೆ. ಹೊಸ್ತಿಲು ನೆಲದಲ್ಲಿ ಮುಳುಗುತ್ತೆ. ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದ ಹೊಸ್ತಿಲು ನೆಲಕ್ಕೆ ಸಮ ಆದರೆ ಶಾಸ್ತ್ರದ ಮಾತು ಹಾಗಿರಲಿ, ಹುಳ ಹುಪ್ಪಟೆಯೂ ಮಳೆ ನೀರೂ ನೇರ ಒಳಗೆ. ಅದರ ಮೇಲೆ ಆ ಕನ್ನಡಿ ಹೊಳಪು! ಒಂದು ಲೋಟ ನೀರು ಚೆಲ್ಲಿದರೆ ಸಾಕು, ಎಪ್ಪತ್ತು ದಾಟಿದ ಅಜ್ಜಿ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರ್ತಾರೆ. ನೆಲಕ್ಕೆ ಕೊಟ್ಟ ದುಡ್ಡಿಗಿಂತ ಆಸ್ಪತ್ರೆ ಬಿಲ್ಲು ದೊಡ್ಡದು.

ಹಾಗಾದರೆ ಮೇಸ್ತ್ರಿಗಳು ಕೆಟ್ಟವರೇ? ಅಲ್ಲ. ಇಲ್ಲೇ ಕೂಲಿ ಲೆಕ್ಕ ಬರೋದು. ಹೊಸ ಟೈಲ್ಸ್ ಕೂರಿಸುವವನಿಗೆ ಕೂಲಿ ಚದರಡಿ ಲೆಕ್ಕ. ದಿನಕ್ಕೆ ಎಷ್ಟು ಚದರಡಿ ಮುಗಿಸಿದರೆ ಅಷ್ಟು ಸಂಪಾದನೆ. ಮೂವತ್ತು ಬಿಲ್ಲೆ ಎತ್ತಿ, ಕೆರೆದು, ನೆನೆಸಿ, ಮತ್ತೆ ಕೂರಿಸುವ ಕೆಲಸಕ್ಕೆ ನಾಲ್ಕಾರು ದಿನ ಬೇಕು. ಅಳತೆ ಹಾಕಿದರೆ ಹದಿಮೂರು ಚದರಡಿ ಮಾತ್ರ! ಆ ರೇಟಿನಲ್ಲಿ ಅವನ ಮನೆ ಒಲೆ ಹೊತ್ತೋದಿಲ್ಲ. ಅದಕ್ಕೇ ‘ಒಡೆದುಬಿಡಿ’ ಅಂತಾನೆ. ಒಡೆದರೆ ಇನ್ನೂರು ಚದರಡಿ ಕೆಲಸ, ಒಡೆದದ್ದಕ್ಕೆ ಬೇರೆ ಕೂಲಿ. ಹೀಗಿರುವಾಗ ಹಳೇ ನೆಲ ಉಳಿಸು ಅಂತ ಅವನಿಗೆ ಉಪದೇಶ ಮಾಡಿ ಏನು ಪ್ರಯೋಜನ? ರಿಪೇರಿ ಕೆಲಸಕ್ಕೆ ದಿನಗೂಲಿ ಮಾತಾಡಬೇಕು, ಅದೂ ಕೈಚಳಕ ಇರುವ ಹಿರಿಯ ಗಾರೆ ಕೆಲಸದವನಿಗೆ ಒಂದಿಷ್ಟು ಹೆಚ್ಚಿಗೇ. ಐದು ದಿನದ ಕೂಲಿ ಕೊಟ್ಟರೂ ಹೊಸ ಟೈಲ್ಸು, ಸಿಮೆಂಟು, ಮರಳು, ಬಾಡಿಗೆ, ಬಾಗಿಲು ಕತ್ತರಿಸುವ ಬಡಗಿ ಇದೆಲ್ಲಾ ಕೂಡಿಸಿದ ಮೊತ್ತದ ಪಕ್ಕ ಇಟ್ಟು ನೋಡಿ. ವ್ಯಾಪಾರಸ್ಥರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕಂಟ್ರಾಕ್ಟರುಗಳು ಕೊಡುವ ಕೊಟೇಶನ್ನಿನಲ್ಲಿ ‘ಹಳೇ ನೆಲ ಒಡೆದು ತೆಗೆಯುವುದು’ ಅಂತ ಒಂದು ಸಾಲು ಯಾವಾಗಲೂ ಇರ್ತದೆ. ‘ಹಳೇ ನೆಲ ದುರಸ್ತಿ’ ಅಂತ ಇನ್ನೊಂದು ಸಾಲು ಬರೆಸಿಕೊಳ್ಳಿ, ಎರಡಕ್ಕೂ ರೇಟು ಕೇಳಿ. ಟೈಲ್ಸ್ ಅಂಗಡಿಯವರಿಗೂ ಇದರಲ್ಲಿ ನಷ್ಟ ಇಲ್ಲ. ಸಂದಿ ತುಂಬುವ ಪುಡಿ, ಮೇಣ, ಬ್ರಷ್ಷು, ಬಣ್ಣದ ಪುಡಿ ಯಾರಿಂದ ಕೊಳ್ಳಬೇಕು? ಐಟಿಐಗಳಲ್ಲಿ ಗಾರೆ ಕೆಲಸ ಕಲಿಸುವಾಗ ಹೊಸದು ಕೂರಿಸೋದರ ಜೊತೆ ಹಳೇದು ಎತ್ತಿ ಕೂರಿಸೋದನ್ನೂ ಒಂದು ವಾರ ಕಲಿಸಿದರೆ ಹುಡುಗರಿಗೆ ಒಂದು ಕಸಬು ಹೆಚ್ಚಾಗ್ತದೆ. ಕಲ್ಲು, ಸಿಮೆಂಟು ಕೊಯ್ಯುವಾಗ ನೀರು ಹಾಯಿಸಬೇಕು, ಮೂಗಿಗೆ ಮಾಸ್ಕ್ ಹಾಕಬೇಕು ಅನ್ನೋದನ್ನೂ ಅಲ್ಲೇ ಹೇಳಿಕೊಡಲಿ. ಆ ಧೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್. ಅದಕ್ಕೆ ವಾಸಿ ಮಾಡುವ ಮದ್ದಿಲ್ಲ.

ಒಡೆದ ನೆಲ ಎಲ್ಲಿಗೆ ಹೋಗ್ತದೆ ಅನ್ನೋದನ್ನೂ ಕೇಳಬೇಡವೇ? ಮೇಲೆ ಹೇಳಿದ ಇನ್ನೂರು ಚದರಡಿ ಹಜಾರದ ಬಿಲ್ಲೆಗಳೇ ಮುಕ್ಕಾಲು ಟನ್ ತೂಗ್ತವೆ. ಅಡಿಯ ಎರಡಿಂಚು ಗಾರೆಯೂ ಸೇರಿದರೆ ಎರಡೂವರೆ ಟನ್ನಿಗೆ ಬರ್ತದೆ. ಕಟ್ಟಡದ ಕಸ ಬೀದಿಗೆ, ಚರಂಡಿಗೆ ಸುರಿಯಬಾರದು ಅಂತ ಕೇಂದ್ರ ಸರಕಾರ 2016ರಲ್ಲೇ ನಿಯಮ ತಂದಿತು. ನಿಯಮ ಕಾಗದದಲ್ಲಿ ಮಲಗಿದ್ದಾಗ ಟೆಂಪೋ ರಾತ್ರಿ ಹೊತ್ತು ಹೊರಡ್ತದೆ. ಖಾಲಿ ಸೈಟು, ರಾಜಕಾಲುವೆ, ಕೆರೆ ಅಂಚು, ಎಲ್ಲಿ ಕತ್ತಲಿದೆಯೋ ಅಲ್ಲಿ. ಹೇರೋಹಳ್ಳಿಯಲ್ಲಿ ಇನ್ನೂ ಒಂದು ಕೆರೆ ಇದೆ. ಅದರ ಅಂಚು ತಾತನ ಹಜಾರಕ್ಕೆ ಸ್ಮಶಾನ ಆಗೋದು ಬೇಡ.

ಒಡೆದ ಮೇಲೆ ಪಶ್ಚಾತ್ತಾಪ ಪಡೋದು ನಮ್ಮೂರಿನವರಿಗೆ ಮಾತ್ರ ಬಂದದ್ದಲ್ಲ. ಅಮೆರಿಕದ ಪಾರ್ಲಿಮೆಂಟ್ ಭವನ ಕ್ಯಾಪಿಟಲ್ಲಿನ ಪಡಸಾಲೆಗಳಿಗೆ 1856ರಿಂದ 1861ರ ನಡುವೆ ಇಂಗ್ಲೆಂಡಿನ ಮಿಂಟನ್ ಕಂಪನಿಯ ಚಿತ್ತಾರದ ಟೈಲ್ಸ್ ಹಾಕಿದ್ದರು. ಸವೆದಿದೆ ಅಂತ 1924ರಲ್ಲಿ ಒಂದಿಷ್ಟು ಭಾಗ ಕಿತ್ತು ಮಾರ್ಬಲ್ ಹಾಕಿಬಿಟ್ಟರು. ಆಮೇಲೆ ಅದು ಕಟ್ಟಡಕ್ಕೆ ಒಪ್ಪಲಿಲ್ಲ ಅನ್ನಿಸಿತು. 1970ರ ದಶಕದಲ್ಲಿ ಅಂಥದೇ ಟೈಲ್ಸ್ ಎಲ್ಲಿ ಸಿಗುತ್ತೆ ಅಂತ ಹುಡುಕಾಟ ಶುರುವಾಗಿ, 1980ರ ದಶಕದಲ್ಲಿ ಮತ್ತೆ ಇಂಗ್ಲೆಂಡಿನಲ್ಲೇ ಹಳೇ ನಮೂನೆ ನೋಡಿ ಹೊಸದಾಗಿ ಮಾಡಿಸಿ ತಂದು ಕೂರಿಸಿದರು. ಡಾಲರಿನ ದೊರೆಗಳು, ಮಾಡಿಸಿದರು. ಮಾಗಡಿ ರಸ್ತೆಯ ಸಂಸಾರಸ್ಥನಿಗೆ ಅದು ಆಗುವ ಮಾತೇ?

ಎಲ್ಲಾ ನೆಲವನ್ನೂ ಉಳಿಸಲೇಬೇಕು ಅಂತ ಹಟ ಹಿಡಿಯೋದೂ ಸರಿಯಲ್ಲ. ಅಡಿಯ ಮಣ್ಣು ಕುಸಿದು ಹಜಾರವೇ ತಗ್ಗು ದಿಬ್ಬ ಆಗಿದ್ದರೆ, ಅರ್ಧಕ್ಕರ್ಧ ಬಿಲ್ಲೆ ಪುಡಿಯಾಗಿದ್ದರೆ, ಹಿಂದೆ ಯಾರೋ ಆಸಿಡ್ ಹಾಕಿ ಹಾಕಿ ಬಣ್ಣವೇ ಹೋಗಿದ್ದರೆ ಎತ್ತಲೇಬೇಕು. ಆಗಲೂ ಚೆನ್ನಾಗಿರುವ ಬಿಲ್ಲೆ ಆರಿಸಿ ದೇವರ ಮನೆಗೋ ಜಗುಲಿಗೋ ಹಾಕಿಸಬಹುದು. ಇನ್ನೊಂದು ನ್ಯಾಯವಾದ ದೂರು ಹೆಂಗಸರದು. ಹಳೇ ನೆಲ ಚೆಂದ ಅನ್ನುವ ಗಂಡಸರು ಎಷ್ಟು ಮಂದಿ ಅದನ್ನು ಬಗ್ಗಿ ಒರೆಸಿದ್ದಾರೆ? ಸಂದಿಯಲ್ಲಿ ಕೊಳೆ ಕೂರುವ ನೆಲವನ್ನು ದಿನಾ ಉಜ್ಜುವವರ ಕಷ್ಟ ಅವರಿಗೇ ಗೊತ್ತು. ಸಂದಿ ಸರಿಯಾಗಿ ತುಂಬಿಸಿ, ಮೇಲೆ ತೆಳುವಾಗಿ ಮೇಣ ಹಚ್ಚಿಸಿಕೊಟ್ಟರೆ ಒದ್ದೆ ಬಟ್ಟೆಯ ಒಂದು ಒರಸಿಗೆ ನೆಲ ಚೊಕ್ಕಟ ಆಗ್ತದೆ. ಅಷ್ಟು ಮಾಡಿಸಿಕೊಡದೆ ಬರೀ ‘ನಮ್ಮ ತಾತನ ಕಾಲದ್ದು’ ಅಂತ ಬೀಗಿದರೆ ಆ ಮನೆಯಾಕೆ ಮೇಸ್ತ್ರಿ ಪಕ್ಷ ಸೇರೋದು ಖಂಡಿತ. ಆಕೆಯದು ತಪ್ಪೂ ಅಲ್ಲ.

ಕೆಲಸ ಹಿಡಿಸುವವರು ಸಂಕ್ರಾಂತಿ ಕಳೆದ ಮೇಲೆ ಹಿಡಿಸಿದರೆ ಅನುಕೂಲ. ಹೊಸ ಗಾರೆಗೆ ಮೊದಲ ಒಂದು ವಾರ ನೀರು ಚಿಮುಕಿಸಿ, ಆಮೇಲೆ ಮೂರು ನಾಲ್ಕು ವಾರ ಗಾಳಿಯಾಡಲು ಬಿಡಬೇಕು. ತೇವ ಪೂರ್ತಿ ಆರಿದ ಮೇಲೆಯೇ ಮೇಣ. ಯುಗಾದಿ ಹೊತ್ತಿಗೆ ಹಜಾರದಲ್ಲಿ ಮಣೆ ಹಾಕಬಹುದು. ಮಿಕ್ಕ ಐದಾರು ಬಿಲ್ಲೆಗಳನ್ನು ಮಾತ್ರ ಗುಜರಿಗೆ ಹಾಕದೆ ಹಳೇ ಪತ್ರಿಕೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿರಿ.